ಮನೆಯಲ್ಲಿ ಕಟ್ಟುವ ಆಟದ ಕಂಪ್ಯೂಟರು
(ರಾಜ್ಯೋತ್ಸವದ ಅಂಗವಾಗಿ ನಡೆದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯೆಂದರೆ ನಾಡು, ನುಡಿ, ಸಾಹಿತ್ಯಗಳ ವಿಷಯವಾಗಿ ಬಲ್ಲವರು ಮಾತನಾಡುವ ಸ್ಥಳ. ಅಂಥಲ್ಲಿ ನಿಂತು ಹುಡುಗರ ಆಟದ ಕಂಪ್ಯೂಟರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಸಂಕೋಚವಾದದ್ದು ನಿಜ. ಆದರೆ ಅವರು ಕೊಟ್ಟ ಕಾರಣ ನಮ್ಮ ಬಾಯಿ ಕಟ್ಟಿತು. "ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿಯಿಂದ ಪನವೇಲದವರೆಗೆ, ನಮ್ಮವರ ಮನೆಗಳಲ್ಲಿ ತಂದೆ ಮಕ್ಕಳ ಜಗಳಕ್ಕೆ ಈಗ ಇದಕ್ಕಿಂತ ದೊಡ್ಡ ವಿಷಯವಿಲ್ಲ" ಎಂದರು. ಒಪ್ಪಿಕೊಂಡೆವು.

ನಾವು ಎಂಜಿನಿಯರರಲ್ಲ. ಲೆಕ್ಕಪತ್ರದ ಕೆಲಸದಲ್ಲಿ ಆಯುಷ್ಯ ಸವೆಸಿದವರು. ನೆರೆಮನೆಯವರೊಬ್ಬರಿಗೆ ನೆರವಾಗಲು ಹೋಗಿ, ತಪ್ಪು ಮಾಡಿ, ತಿದ್ದಿಕೊಂಡು ಕಲಿತದ್ದನ್ನಷ್ಟೇ ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ಮೊದಲು ಒಂದು ಹಳೆಯ ಮಾತು. ನಮ್ಮ ಈ ಮುಂಬಯಿಯಲ್ಲಿಯೇ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಕಟ್ಟಿದ ಗಣಕಯಂತ್ರವೊಂದು 1960ರಲ್ಲಿ ಕೆಲಸಕ್ಕೆ ತೊಡಗಿತು. 1962ರಲ್ಲಿ ಪಂಡಿತ ನೆಹರೂ ಅವರು ಅದಕ್ಕೆ 'ಟಿಫ್ರಾಕ್' ಎಂದು ನಾಮಕರಣ ಮಾಡಿದರು. ಅದರ ಸ್ಮೃತಿಯಲ್ಲಿ ಹಿಡಿಸುತ್ತಿದ್ದುದು 40 ಬಿಟ್ಟುಗಳ 2048 ಪದಗಳು. ಇಂದು ಹುಡುಗನೊಬ್ಬ ಆಟಕ್ಕೆಂದು ಕೊಳ್ಳುವ 16 ಜೀಬಿ ರ‍್ಯಾಮ್ ಅದರ ಹದಿನಾರು ಲಕ್ಷ ಪಟ್ಟಿಗೂ ಹೆಚ್ಚು. ವಿಜ್ಞಾನಿಗಳ ತಂಡ ವರ್ಷಗಟ್ಟಲೆ ದುಡಿದು ಕಟ್ಟಿದ್ದಕ್ಕಿಂತ ಎಷ್ಟೋ ಪಾಲು ಬಲವಾದ ಯಂತ್ರವನ್ನು ಹತ್ತೊಂಬತ್ತರ ಹುಡುಗ ಅಡಿಗೆಮನೆಯ ಮೇಜಿನ ಮೇಲೆ ಒಂದು ಮಧ್ಯಾಹ್ನದಲ್ಲಿ ಜೋಡಿಸುತ್ತಾನೆಂದರೆ, ಅದನ್ನು ಬರಿಯ ಆಟವೆಂದು ತಳ್ಳಿಹಾಕುವುದು ತಕ್ಕುದಲ್ಲ.

ಇನ್ನು ನಮ್ಮ ಕಥೆ. ಡೊಂಬಿವಲಿಯಲ್ಲಿ ನಮ್ಮ ಮಹಡಿಯಲ್ಲೇ ಇರುವ ಮನೆಯವರು ವಿಜಯಪುರದ ಕಡೆಯವರು. ಯಜಮಾನರು ಎಂಐಡಿಸಿಯ ಕಾರಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಗ ಎಂಜಿನಿಯರಿಂಗಿನ ಎರಡನೆಯ ವರ್ಷ. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗ. ಹೊರಗೆ ಮರಾಠಿ, ಕಾಲೇಜಿನಲ್ಲಿ ಹಿಂದಿ, ಮನೆಯಲ್ಲಿ ಮೌನ. 2024ರ ದೀಪಾವಳಿಗೆ ತಂದೆ ತಮ್ಮ ಪ್ರಾವಿಡೆಂಟ್ ಫಂಡಿನ ಹಣದಿಂದ ಎಂಬತ್ತು ಸಾವಿರ ತೆಗೆದುಕೊಟ್ಟರು. ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟರು. ಹುಡುಗ ಭಾಗಗಳನ್ನು ತಂದ, ಜೋಡಿಸಿದ, ಗುಂಡಿ ಒತ್ತಿದ. ರಾತ್ರಿ ಒಂಬತ್ತಕ್ಕೆ ನಮ್ಮ ಬಾಗಿಲು ಬಡಿಯಿತು.

"ಕಾಕಾ, ಫ್ಯಾನ್ ತಿರಗಾಕತ್ತಾವ, ಸ್ಕ್ರೀನ್ ಮ್ಯಾಲ ಮಾತ್ರ ಏನೂ ಬರವಲ್ದು" ಎಂದ.

ಹೋಗಿ ನೋಡಿದರೆ ತಂದೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. "ನೋಡ್ರಿ ಸಾಹೇಬ್ರ, ಎಂಬತ್ತು ಸಾವಿರ ನೀರಾಗ ಹೋತು" ಎಂದರು. ಹುಡುಗ ತಲೆ ತಗ್ಗಿಸಿದ.

ಮಿತ್ರರೇ, ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಏನು ಮಾಡುತ್ತೇವೆ? ನಲ್ಲಿ, ಮೇಲಿನ ಟಾಕಿ, ಪಂಪು, ಕೆಳಗಿನ ಟಾಕಿ, ಹೀಗೆ ಒಂದೊಂದಾಗಿ ನೋಡುತ್ತ ಹೋಗುತ್ತೇವೆ. ಈ ಯಂತ್ರಕ್ಕೂ ಅದೇ ಕ್ರಮ. ಗೋಡೆಯ ಸಾಕೆಟ್ಟಿನಲ್ಲಿ ಕರೆಂಟು ಇದೆಯೇ? ಎಸ್‌ಎಂಪಿಎಸ್‌ನ ಬೆನ್ನಿನ ಸ್ವಿಚ್ಚು ಹಾಕಿದೆಯೇ? ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ಕೇಬಲ್ಲು, ಪ್ರೊಸೆಸರಿಗೆಂದು ಮೂಲೆಯಲ್ಲಿ ಚುಚ್ಚುವ 8 ಪಿನ್ನಿನ ಕೇಬಲ್ಲು, ಇವೆರಡೂ ಪೂರ್ತಿ ಕುಳಿತಿವೆಯೇ? ಮಾನಿಟರಿನ ಕೇಬಲ್ಲು ಗ್ರಾಫಿಕ್ಸ್ ಕಾರ್ಡಿಗೆ ಸೇರಿದೆಯೇ, ಇಲ್ಲವೆ ಮದರ್‌ಬೋರ್ಡಿಗೆ ಸೇರಿದೆಯೇ? ಇಂಟೆಲ್ಲಿನ ಹೆಸರಿನ ಕೊನೆಗೆ 'ಎಫ್' ಅಕ್ಷರವಿರುವ ಪ್ರೊಸೆಸರುಗಳಿಗೆ ತಮ್ಮದೇ ಚಿತ್ರಶಕ್ತಿ ಇಲ್ಲ. ಅಂಥದ್ದಿದ್ದು ಕೇಬಲ್ಲು ಮದರ್‌ಬೋರ್ಡಿನಲ್ಲಿದ್ದರೆ ಯುಗ ಕಳೆದರೂ ಚಿತ್ರ ಬಾರದು.

ಇತ್ತೀಚಿನ ಅನೇಕ ಮದರ್‌ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ: ಪ್ರೊಸೆಸರಿಗೊಂದು, ರ‍್ಯಾಮಿಗೊಂದು, ಗ್ರಾಫಿಕ್ಸ್ ಕಾರ್ಡಿಗೊಂದು, ಡಿಸ್ಕಿಗೊಂದು. ಯಂತ್ರ ಯಾವ ಮೆಟ್ಟಿಲಲ್ಲಿ ಮುಗ್ಗರಿಸಿತೋ ಆ ದೀಪ ಉರಿಯುತ್ತ ನಿಲ್ಲುತ್ತದೆ. ನಮ್ಮ ಹುಡುಗನ ಯಂತ್ರದಲ್ಲಿ ರ‍್ಯಾಮಿನ ದೀಪ ಉರಿಯುತ್ತಿತ್ತು. ಕರೆಂಟು ತೆಗೆದು, ರ‍್ಯಾಮಿನ ಎರಡೂ ಪಟ್ಟಿಗಳನ್ನು ಬಿಚ್ಚಿ, 'ಟಕ್' ಎಂದು ಸದ್ದಾಗುವವರೆಗೆ ಮತ್ತೆ ಒತ್ತಿದೆವು. ಗುಂಡಿ ಒತ್ತಿದೊಡನೆ ಪರದೆ ಬೆಳಗಿತು. ಹುಡುಗ ಮುರಿದೀತೆಂಬ ಭಯದಿಂದ ಅರ್ಧಕ್ಕೇ ಒತ್ತಿ ಬಿಟ್ಟಿದ್ದ. ಹೊಸ ಡಿಡಿಆರ್-5 ರ‍್ಯಾಮ್ ಇದ್ದವರು ಇನ್ನೊಂದು ಮಾತು ನೆನಪಿಡಬೇಕು: ಮೊದಲ ಸಲ ಚಾಲೂ ಮಾಡಿದಾಗ ರ‍್ಯಾಮನ್ನು ಹೊಂದಿಸಿಕೊಳ್ಳಲು ಯಂತ್ರ ಕೆಲವು ನಿಮಿಷ ಕಪ್ಪಾಗಿಯೇ ಇರುವುದುಂಟು. ಗಾಬರಿಯಾಗಿ ಆರಿಸಬಾರದು.

ಎಲ್ಲರೂ ಚಹಾ ಕುಡಿದು ಮಲಗಿದೆವು. ಆದರೆ ಎರಡನೆಯ ದಿನ ಇನ್ನೊಂದು ರಗಳೆ. ಆಟ ಐದು ನಿಮಿಷ ಸರಾಗ, ಆಮೇಲೆ ಬಿಕ್ಕಳಿಕೆ. ಫ್ಯಾನಿನದು ಒಂದೇ ಆರ್ಭಟ. ಗ್ರಾಫಿಕ್ಸ್ ಕಾರ್ಡೇ ಕೆಟ್ಟದ್ದೆಂದು ನಾವು ತೀರ್ಪು ಕೊಟ್ಟೆವು. ಅಂಗಡಿಯವನು ಮೋಸ ಮಾಡಿದನೆಂದು ತಂದೆಯವರು ತೀರ್ಪು ಕೊಟ್ಟರು. ಶನಿವಾರ ಮೂವರೂ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಕಾಗದದಲ್ಲಿ ಅದು ಡಾಕ್ಟರ್ ದಾದಾಸಾಹೇಬ ಭಡಕಮಕರ ಮಾರ್ಗವಾದರೂ ಕಂಪ್ಯೂಟರಿನವರ ಬಾಯಲ್ಲಿ ಇಂದಿಗೂ ಲ್ಯಾಮಿಂಗ್ಟನ್ನೇ. ಭಾನುವಾರ ಹೋದವರು ಮುಚ್ಚಿದ ಬಾಗಿಲುಗಳನ್ನೇ ಹೆಚ್ಚಾಗಿ ನೋಡಿ ಬರಬೇಕಾಗುತ್ತದೆ.

ಅಂಗಡಿಯವನು ಜಗಳವಾಡಲಿಲ್ಲ. ಕಾರ್ಡನ್ನು ತನ್ನ ಯಂತ್ರಕ್ಕೆ ಹಾಕಿ ಅರ್ಧ ಗಂಟೆ ಓಡಿಸಿ ತೋರಿಸಿದ. ಯಾವ ದೋಷವೂ ಇಲ್ಲ. ಆಮೇಲೆ ಮೆಲ್ಲಗೆ ಕೇಳಿದ: "ಪ್ರೊಸೆಸರಿಗೆ ಬೇರೆ ಕೂಲರ್ ಕೊಂಡಿದ್ದಿರಲ್ಲ, ಅದರ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿರಾ?" ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಮನೆಗೆ ಬಂದು ಬಿಚ್ಚಿದರೆ ಹಾಳೆ ಅಲ್ಲಿಯೇ ಇತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ 'ತೆಗೆಯಿರಿ' ಎಂದು ಬರೆದೂ ಇತ್ತು. ಪ್ರೊಸೆಸರಿನ ಬಿಸಿ ಲೋಹಕ್ಕೆ ಹಾಯದೆ ನೂರು ಡಿಗ್ರಿಯ ಹತ್ತಿರ ಹೋಗುತ್ತಿತ್ತು. ತನ್ನನ್ನು ತಾನು ಉಳಿಸಿಕೊಳ್ಳಲು ಅದು ವೇಗ ತಗ್ಗಿಸುತ್ತಿತ್ತು. ಹಾಳೆ ಕಿತ್ತು, ಒರೆಸಿ, ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿದ ಮೇಲೆ ಶಾಖ ಎಪ್ಪತ್ತರ ಆಸುಪಾಸಿಗೆ ಇಳಿಯಿತು. ಬಯೋಸ್ ಪರದೆಯಲ್ಲಿ ಶಾಖದ ಅಂಕೆಯನ್ನು ಮೊದಲ ದಿನವೇ ನೋಡಿದ್ದರೆ ರೈಲಿನ ಖರ್ಚೂ ಉಳಿಯುತ್ತಿತ್ತು, ಅಂಗಡಿಯವನ ಮೇಲೆ ಹೊರಿಸಿದ ಸುಳ್ಳು ಅಪವಾದವೂ ತಪ್ಪುತ್ತಿತ್ತು.

ಇದರಿಂದ ನಾವು ಕಲಿತ ಸೂತ್ರಗಳು ಮೂರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಏನೂ ತೋಚದಿದ್ದರೆ ಮದರ್‌ಬೋರ್ಡು, ಪ್ರೊಸೆಸರು ಮತ್ತು ಅದರ ಕೂಲರ್, ಒಂದೇ ಪಟ್ಟಿ ರ‍್ಯಾಮ್, ಎಸ್‌ಎಂಪಿಎಸ್ ಇಷ್ಟನ್ನೇ ಉಳಿಸಿಕೊಂಡು, ಪ್ರೊಸೆಸರಿಗೆ ಚಿತ್ರಶಕ್ತಿ ಇಲ್ಲದಿದ್ದರೆ ಕಾರ್ಡನ್ನೂ ಇಟ್ಟುಕೊಂಡು, ಚಾಲೂ ಮಾಡಿ, ಮಿಕ್ಕದ್ದನ್ನು ಒಂದೊಂದಾಗಿ ಸೇರಿಸುತ್ತ ಬರಬೇಕು. ಮೂರನೆಯದು, ಬೇರೆಯವರನ್ನು ದೂರುವ ಮೊದಲು ನಮ್ಮ ಕೈಯ ಕೆಲಸವನ್ನು ಇನ್ನೊಮ್ಮೆ ನೋಡಬೇಕು.

ಈಗ ಭಾಗಗಳನ್ನು ಆರಿಸುವ ಮಾತು. ಅಂಗಡಿಗೆ ಹೋಗುವ ಮೊದಲೇ ಯಾವ ಆಟ, ಯಾವ ಮಾನಿಟರು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಸೆಕೆಂಡಿಗೆ 60 ಚಿತ್ರ ತೋರಿಸುವ ಮಾನಿಟರಿಗೆ 140 ಚಿತ್ರ ಕೊಡುವ ಕಾರ್ಡು ತಂದರೆ ಹೆಚ್ಚಿನದು ಬಹುಮಟ್ಟಿಗೆ ವ್ಯರ್ಥ. ಆಟಕ್ಕೇ ಕಟ್ಟುವುದಾದರೆ ಒಟ್ಟು ಹಣದ ಮೂರರಲ್ಲೊಂದು ಪಾಲು, ಇಲ್ಲವೆ ತುಸು ಹೆಚ್ಚು, ಗ್ರಾಫಿಕ್ಸ್ ಕಾರ್ಡಿಗೆ ಸಲ್ಲುವುದು ವಾಡಿಕೆ.

ಪ್ರೊಸೆಸರು ಮತ್ತು ಮದರ್‌ಬೋರ್ಡು ಸರಿಯಾದ ಜೋಡಿಯಾಗಬೇಕು. ಎಎಂಡಿಯವರ ಎಎಂ-4 ಸಾಕೆಟ್ಟಿನ ಪ್ರೊಸೆಸರು 2022ರಲ್ಲಿ ಬಂದ ಎಎಂ-5ರಲ್ಲಿ ಕೂಡುವುದಿಲ್ಲ. ಎಎಂ-5ಕ್ಕೆ ಡಿಡಿಆರ್-5 ರ‍್ಯಾಮೇ ಬೇಕು. ಇಂಟೆಲ್ಲಿನ 1700 ಸಾಕೆಟ್ಟಿನಲ್ಲಿ ಡಿಡಿಆರ್-4ರ ಬೋರ್ಡುಗಳೂ ಉಂಟು, ಡಿಡಿಆರ್-5ರವೂ ಉಂಟು; ಒಂದರ ರ‍್ಯಾಮ್ ಇನ್ನೊಂದರಲ್ಲಿ ಸೇರದು. ರ‍್ಯಾಮನ್ನು 16ರ ಒಂದು ಪಟ್ಟಿಯಾಗಿ ಕೊಳ್ಳುವುದಕ್ಕಿಂತ 8ರ ಎರಡಾಗಿ ಕೊಂಡರೆ ಆಟಕ್ಕೆ ವೇಗ ಹೆಚ್ಚು. ನಾಲ್ಕು ಗೂಡುಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು.

ಎಲ್ಲರೂ ಹಣ ಉಳಿಸಲು ನೋಡುವುದು ಎಸ್‌ಎಂಪಿಎಸ್‌ನಲ್ಲಿ. ಉಳಿಸಬಾರದ್ದೂ ಅಲ್ಲಿಯೇ. ನಮ್ಮ ಹುಡುಗ ತಂದ ಆರ್‌ಟಿಎಕ್ಸ್ 4060 ಕಾರ್ಡು ಬೇಡುವುದು 115 ವ್ಯಾಟ್. ಪ್ರೊಸೆಸರಿಗೆ ನೂರಿಪ್ಪತ್ತರಷ್ಟು, ಉಳಿದುದಕ್ಕೆ ಐವತ್ತು ಅರವತ್ತು ಎಂದರೂ ಮುನ್ನೂರರೊಳಗೆ ಮುಗಿಯಿತು. ಆದರೂ ಆ ಕಾರ್ಡಿಗೆ ತಯಾರಕರು ಹೇಳುವುದು 550 ವ್ಯಾಟಿನ ಎಸ್‌ಎಂಪಿಎಸ್. ಭಾರ ಕ್ಷಣಾರ್ಧದಲ್ಲಿ ಏರಿಳಿಯುತ್ತದೆ. ಮುಂದೆ ದೊಡ್ಡ ಕಾರ್ಡು ಬರಬಹುದು. ಎಚ್ಚರಿಕೆಯ ಮಾತೊಂದು: ಒಂದು ಕಂಪನಿಯ ಎಸ್‌ಎಂಪಿಎಸ್‌ನ ಬಿಚ್ಚುವ ಕೇಬಲ್ಲನ್ನು ಇನ್ನೊಂದಕ್ಕೆ ಹಾಕಬಾರದು. ಕೊನೆಯ ಪಿನ್ನುಗಳ ಕ್ರಮ ಬೇರೆಯಾಗಿದ್ದು, ಡಿಸ್ಕು ಸುಟ್ಟುಹೋದೀತು. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನಂತೂ ಯಾರೂ ಬಿಚ್ಚಕೂಡದು. ಕರೆಂಟು ತೆಗೆದ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ಉಳಿದಿರಬಹುದು.

ನಮ್ಮ ಊರುಗಳದೇ ಆದ ತೊಡಕುಗಳು ಕೆಲವಿವೆ. ಹಳೆಯ ಕಟ್ಟಡಗಳಲ್ಲಿ ಮೂರು ತೂತಿನ ಸಾಕೆಟ್ಟು ಇದ್ದರೂ ಅರ್ಥಿಂಗಿನ ತಂತಿ ಇಲ್ಲದಿರುವುದುಂಟು. ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಬೆರಳಿಗೆ ಜುಮ್ಮೆಂದರೆ ಅದೇ ಗುರುತು. ಲೈಸೆನ್ಸಿನ ವೈರ್‌ಮನ್ನರನ್ನು ಕರೆಸಿ ಅದನ್ನು ಮೊದಲು ಸರಿಮಾಡಿಸಬೇಕು. ಮನೆಯ ಹಳೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟ್. ಕರೆಂಟು ಮಿಣುಕಿದಾಗ ಆಟದ ನಡುವೆ ಯಂತ್ರ ಆರಿದರೆ ಮೊದಲ ಗುಮಾನಿ ಅದರ ಮೇಲಿರಲಿ. ರಸ್ತೆಯ ಧೂಳು ಫ್ಯಾನು, ಜಾಲರಿಗಳಲ್ಲಿ ತುಂಬುತ್ತದೆ. ತಿಂಗಳು ಎರಡು ತಿಂಗಳಿಗೊಮ್ಮೆ ಝಾಡಿಸಬೇಕು. ನೆಲಮಹಡಿಯವರು ಕ್ಯಾಬಿನೆಟ್ಟನ್ನು ನೆಲದ ಮೇಲಿಡದಿರುವುದು ಲೇಸು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಸುರಿದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆಯ ಮಾತೂ ಬೇಕು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಎಲ್ಲೆಡೆ ಬಲವಾಗಿ ಏರಿತು. ಕೃತಕ ಬುದ್ಧಿಮತ್ತೆಗೆಂದು ಕಟ್ಟುತ್ತಿರುವ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಸೆಳೆದುಕೊಂಡದ್ದೇ ದೊಡ್ಡ ಕಾರಣ. ಡೇಟಾ ಸೆಂಟರು ಎಂದರೆ ಏನೆಂದು ತಿಳಿಯಬೇಕಾದವರು ಐರೋಲಿ, ಮಹಾಪೆಗಳ ಕಡೆ ಒಮ್ಮೆ ಹೋಗಿ ಬರಬಹುದು. ಹೀಗಿರುವಾಗ ಹಳೆಯ ಭಾಗ ಕೊಳ್ಳುವ ಆಸೆ ಸಹಜ. ಆದರೆ 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಾಗ, ಹಗಲಿರುಳು ದುಡಿದ ಕಾರ್ಡುಗಳು ಹಳೆಯ ಮಾಲಿನ ಸಂತೆಗೆ ಬಂದಿದ್ದವು. ಆದ್ದರಿಂದ ಕಣ್ಣೆದುರು ಓಡಿಸಿ ನೋಡದೆ, ನಂಬರಿನ ಮೇಲೆ ವಾರಂಟಿ ಪರೀಕ್ಷಿಸದೆ ಕೊಳ್ಳಬಾರದು. ಹೊಸದಕ್ಕೆ ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಬೇಕು. ಬಿಲ್ಲಿಲ್ಲದೆ ಉಳಿಸಿದ ದುಡ್ಡು, ಭಾಗ ಕೆಟ್ಟ ದಿನ ಬಡ್ಡಿಸಹಿತ ಹೋಗುತ್ತದೆ.

ಆಟವೆಂದರೆ ಜೂಜೆಂದು ಹೆದರುವ ಹಿರಿಯರಿಗೆ ಒಂದು ಮಾತು. ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಅದೇ ಕಾಯ್ದೆ ಇ-ಕ್ರೀಡೆಯನ್ನು ಪ್ರೋತ್ಸಾಹಿಸುತ್ತದೆ. 2023ರಲ್ಲಿ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇದಕ್ಕೆ ಪದಕಗಳೂ ಇದ್ದವು. ಹಾಗೆಂದು ಹುಡುಗರು ಬೆಳಗಿನ ಮೂರರವರೆಗೆ ಆಡಲಿ ಎಂದು ನಾವು ಹೇಳುತ್ತಿಲ್ಲ. ನಿದ್ದೆ, ಓದು, ಊಟ ಮೊದಲು. ಅದನ್ನು ಹೇಳುವ ಹಕ್ಕು ತಂದೆತಾಯಿಗಳದೇ.

ಕೊನೆಯದಾಗಿ, ಆ ಪ್ಲಾಸ್ಟಿಕ್ ಹಾಳೆ ಕಿತ್ತ ರಾತ್ರಿಯ ಸಂಗತಿ. ಹುಡುಗ ಕೂಲರಿನ ಸ್ಕ್ರೂ ಬಿಗಿಯುತ್ತಿದ್ದ, ತಂದೆ ಟಾರ್ಚು ಹಿಡಿದಿದ್ದರು. ಕಾರಖಾನೆಯಲ್ಲಿ ಮೂವತ್ತು ವರ್ಷ ಯಂತ್ರ ಬಿಚ್ಚಿ ಕಟ್ಟಿದ ಕೈ ಸುಮ್ಮನಿದ್ದೀತೇ? "ಒಂದ ಕಡೆ ಪೂರಾ ಬಿಗೀಬ್ಯಾಡೋ, ಮೂಲಿ ಮೂಲಿಗೆ ಸ್ವಲ್ಪ ಸ್ವಲ್ಪ ಬಿಗಿ" ಎಂದರು. ಸರಿಯಾದ ಕ್ರಮವೂ ಅದೇ. ಹುಡುಗ ಬೆರಗಾಗಿ, "ನಿಮಗ ಹೆಂಗ ಗೊತ್ತಪ್ಪಾ?" ಎಂದ. ತಂದೆ ತಮ್ಮ ಕಾರಖಾನೆಯ ಪಂಪುಗಳ ಕಥೆ ಹೇಳತೊಡಗಿದರು. ಹನ್ನೊಂದಾಯಿತು, ಹನ್ನೆರಡಾಯಿತು, ಮಾತು ಮುಗಿಯಲಿಲ್ಲ. ಎಲ್ಲವೂ ಕನ್ನಡದಲ್ಲಿ.

ನಮ್ಮನ್ನು ಬಾಗಿಲವರೆಗೆ ಕಳಿಸಲು ಬಂದಾಗ ಅವರು ಹೇಳಿದರು: "ಸಾಹೇಬ್ರ, ವರ್ಷದಿಂದ ಈ ಹುಡುಗ ನನ್ನ ಕೂಡ ಹತ್ತ ಮಾತ ಆಡಿದ್ದಿಲ್ರಿ. ಆ ಡಬ್ಬಿ ಕೆಟ್ಟದ್ದ ಚಲೋ ಆತು."

ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ನಾವು ಪ್ರತಿ ನವೆಂಬರಿನಲ್ಲಿ ಮರುಗುತ್ತೇವೆ. ಅವರ ಕೈಯಲ್ಲಿರುವ ಕೆಲಸದ ಬಗೆಗೆ ನಾವು ಅವರೊಡನೆ ಎಷ್ಟು ಮಾತನಾಡಿದ್ದೇವೆ? ಮುಂದಿನ ಸಲ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಪೆಟ್ಟಿಗೆ ಬಿಚ್ಚಿ ಕುಳಿತಾಗ, ದಯವಿಟ್ಟು ಟಾರ್ಚು ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ.