ಉಸಿರು ಕೊಟ್ಟ ಗಾಳಿಯೇ ಕಣ್ಣು ಕಸಿದಾಗ



ವೈದ್ಯರಲ್ಲಿ ಭಿನ್ನಾಭಿಪ್ರಾಯವೆಂದರೆ ಜನಸಾಮಾನ್ಯರಿಗೆ ಗಾಬರಿ. ಒಬ್ಬರು ಕೊಡಿ ಎಂದದ್ದನ್ನು ಇನ್ನೊಬ್ಬರು ಬೇಡವೆಂದರೆ ಮನೆಯವರು ಯಾರನ್ನು ನಂಬಬೇಕು? ಆದರೆ ಇಂಥ ವಾದವೇ ನಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೇತ್ರವೈದ್ಯದ ಇತಿಹಾಸದಲ್ಲಿ ಒಂದು ಕಹಿ ಉದಾಹರಣೆಯಿದೆ. ದಿನ ತುಂಬದೆ ಹುಟ್ಟಿದ ಶಿಶುಗಳ ಪ್ರಾಣ ಉಳಿಸಲೆಂದು ಕೊಟ್ಟ ಆಮ್ಲಜನಕವೇ ಸಾವಿರಾರು ಮಕ್ಕಳ ದೃಷ್ಟಿಯನ್ನು ಕಸಿದುಕೊಂಡ ಕಥೆ ಅದು.

1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ನೇತ್ರತಜ್ಞ ಥಿಯೋಡರ್ ಟೆರಿ ಒಂದು ಹೊಸ ಕಾಯಿಲೆಯನ್ನು ವರದಿ ಮಾಡಿದರು. ದಿನ ತುಂಬದ ಶಿಶುಗಳ ಕಣ್ಣಿನ ಮಸೂರದ ಹಿಂದೆ ಬಿಳಿಯ ಪೊರೆಯಂಥದು ಬೆಳೆದು ಅವು ಕುರುಡಾಗುತ್ತಿದ್ದವು. ಮುಂದಿನ ಹತ್ತು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಹೀಗೆ ದೃಷ್ಟಿ ಕಳೆದುಕೊಂಡರೆಂಬ ಅಂದಾಜಿದೆ. 1950ರಲ್ಲಿ ಹುಟ್ಟಿದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. ವಿಚಿತ್ರವೆಂದರೆ, ಬಡ ಆಸ್ಪತ್ರೆಗಳಿಗಿಂತ ಉತ್ತಮ ಸೌಲಭ್ಯಗಳಿದ್ದ ಕಡೆಗಳಲ್ಲೇ ಈ ಕಾಯಿಲೆ ಹೆಚ್ಚಾಗಿತ್ತು.

ಕಾರಣ ಹುಡುಕುವ ಮೊದಲೇ ಚಿಕಿತ್ಸೆಗಳು ಹುಟ್ಟಿಕೊಂಡವು. ಅವುಗಳಲ್ಲಿ ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನ ಚುಚ್ಚುಮದ್ದು ಮುಖ್ಯವಾದುದು. ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಅದನ್ನು ಪಡೆದ 31 ಶಿಶುಗಳಲ್ಲಿ 25ಕ್ಕೆ ದೃಷ್ಟಿ ಉಳಿಯಿತು. ಅದೇ ಊರಿನ ಮತ್ತೊಂದು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಸಿಗದ ಏಳು ಶಿಶುಗಳಲ್ಲಿ ಆರು ಕುರುಡಾದವು. ಇನ್ನೇನು ಬೇಕು ಸಾಕ್ಷ್ಯ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಶಿಶುತಜ್ಞ ವಿಲಿಯಂ ಸಿಲ್ವರ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಅಷ್ಟಕ್ಕೇ ತೃಪ್ತರಾಗಲಿಲ್ಲ. ಯಾವ ಮಗುವಿಗೆ ಮದ್ದು, ಯಾವುದಕ್ಕೆ ಇಲ್ಲ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಪೆಟ್ಟಿಗೆಯಿಂದ ಬಣ್ಣದ ಗೋಲಿ ಎತ್ತಿ ನಿರ್ಧರಿಸಿದರು. ಫಲಿತಾಂಶ ತಲೆಕೆಳಗಾಯಿತು. ಮದ್ದು ಪಡೆದವರಲ್ಲಿ ಮೂರನೆಯ ಒಂದು ಭಾಗ ಕುರುಡಾದರೆ, ಪಡೆಯದವರಲ್ಲಿ ಐದನೆಯ ಒಂದು ಭಾಗ ಮಾತ್ರ. ಮದ್ದು ಪಡೆದವರಲ್ಲಿ ಸಾವೂ ಹೆಚ್ಚಾಗಿತ್ತು. ಕಾಯಿಲೆಯ ಆರಂಭದ ಲಕ್ಷಣವಿದ್ದ ಬಹುಪಾಲು ಶಿಶುಗಳು ತಾವಾಗಿಯೇ ಗುಣವಾಗುತ್ತಿದ್ದವು. ಕೀರ್ತಿ ಮಾತ್ರ ಚುಚ್ಚುಮದ್ದಿಗೆ ಹೋಗಿತ್ತು!

ಇತ್ತ 1951ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್, ಆಮ್ಲಜನಕವನ್ನು ಧಾರಾಳವಾಗಿ ಕೊಡುವ ಕಡೆ ಈ ಕಾಯಿಲೆ ಹೆಚ್ಚೆಂದು ತೋರಿಸಿದರು. ವೈದ್ಯಲೋಕ ಸುಲಭವಾಗಿ ನಂಬಲಿಲ್ಲ. ಜೀವವಾಯು ಹಾನಿ ಮಾಡೀತೇ? ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಯುವವೈದ್ಯ ಆರ್ನಲ್ ಪ್ಯಾಟ್ಸ್ ಕೆಲವು ಶಿಶುಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಆಮ್ಲಜನಕ ಕೊಟ್ಟು ಹೋಲಿಸಲು ಹೊರಟಾಗ, ಕಡಿಮೆ ಪಡೆಯುತ್ತಿದ್ದ ಶಿಶುಗಳ ಮೇಲೆ ಕನಿಕರಗೊಂಡ ಕೆಲವು ದಾದಿಯರು ರಾತ್ರಿ ವೇಳೆ ಗುಟ್ಟಾಗಿ ಆಮ್ಲಜನಕ ಹೆಚ್ಚಿಸುತ್ತಿದ್ದರು. ಅವರದು ತಾಯಿಕರುಳೇ ಹೊರತು ದ್ವೇಷವಲ್ಲ. ಆದರೆ ಆ ಕರುಣೆಯಲ್ಲೇ ಅಪಾಯವಿತ್ತು.

ಕೊನೆಗೆ 1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಒಂದಾಗಿ ಪರೀಕ್ಷೆ ನಡೆಸಿದವು. ಎಂದಿನಂತೆ ಧಾರಾಳ ಆಮ್ಲಜನಕ ಪಡೆದ ಶಿಶುಗಳಲ್ಲಿ ಕಣ್ಣಿಗೆ ಶಾಶ್ವತ ಹಾನಿ ಸುಮಾರು ಮೂರು ಪಟ್ಟು ಹೆಚ್ಚೆಂದು 1954ರಲ್ಲಿ ಪ್ರಕಟವಾಯಿತು. ಲಂಡನ್ನಿನ ನಾರ್ಮನ್ ಆಶ್ಟನ್ ಬೆಕ್ಕಿನ ಮರಿಗಳಲ್ಲಿ ಪ್ರಯೋಗ ನಡೆಸಿ, ಹಾನಿ ಹೇಗಾಗುತ್ತದೆಂದು ತೋರಿಸಿದರು. ಕಣ್ಣಿನ ಹಿಂಭಾಗದ ಅಕ್ಷಿಪಟಲದ ರಕ್ತನಾಳಗಳು ಪೂರ್ಣ ಬೆಳೆಯುವುದು ದಿನ ತುಂಬುವ ಹೊತ್ತಿಗೆ. ಅದಕ್ಕೆ ಮೊದಲೇ ಅತಿಯಾದ ಆಮ್ಲಜನಕ ತಗುಲಿದರೆ ಅವುಗಳ ಬೆಳವಣಿಗೆ ನಿಲ್ಲುತ್ತದೆ. ಮುಂದೆ ಹಸಿದ ಅಕ್ಷಿಪಟಲ ಅಡ್ಡಾದಿಡ್ಡಿ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವು ಗಾಯದ ಕಲೆಯಂತೆ ಕುಗ್ಗಿ ಪಟಲವನ್ನೇ ಕಿತ್ತುಹಾಕುತ್ತವೆ.

ಕಥೆ ಇಲ್ಲಿಗೆ ಸುಖಾಂತವಾಯಿತೆಂದು ಭಾವಿಸಬೇಡಿ. ಆ ಪರೀಕ್ಷೆಗೆ ಶಿಶುಗಳನ್ನು ಸೇರಿಸಿಕೊಂಡದ್ದು ಹುಟ್ಟಿ 48 ಗಂಟೆ ಕಳೆದ ಮೇಲೆ. ದಿನ ತುಂಬದ ಶಿಶುಗಳ ಸಾವು ಹೆಚ್ಚಾಗಿ ಸಂಭವಿಸುವುದು ಮೊದಲ ಎರಡು ದಿನಗಳಲ್ಲೇ. ಅಂದರೆ ಕಣ್ಣಿನ ಲೆಕ್ಕ ಸಿಕ್ಕಿತು, ಜೀವದ ಲೆಕ್ಕ ಪೂರ್ತಿ ಸಿಗಲಿಲ್ಲ. ಆದರೂ ಎಲ್ಲೆಡೆ ಆಮ್ಲಜನಕಕ್ಕೆ ಕಟ್ಟುನಿಟ್ಟಿನ ಮಿತಿ ಬಂತು. ಕುರುಡುತನವೇನೋ ಇಳಿಯಿತು. ಆದರೆ ಹೀಗೆ ಉಳಿದ ಒಂದೊಂದು ಮಗುವಿನ ದೃಷ್ಟಿಗೆ ಸುಮಾರು 16 ಶಿಶುಗಳು ಉಸಿರಿಲ್ಲದೆ ಸತ್ತಿರಬಹುದೆಂದು 1973ರಲ್ಲಿ ಬ್ರಿಟನ್ನಿನ ಕೆನೆತ್ ಕ್ರಾಸ್ ಅಂದಾಜು ಮಾಡಿದರು.

ಹಾಗಾದರೆ ಎಷ್ಟು ಕೊಡಬೇಕು? ಈ ಪ್ರಶ್ನೆಗೆ ಸಮರ್ಪಕ ಉತ್ತರ ಹುಡುಕಲು ಮತ್ತೆ ದಶಕಗಳೇ ಬೇಕಾದವು. 2010ರಲ್ಲಿ ಪ್ರಕಟವಾದ ಅಮೆರಿಕದ 'ಸಪೋರ್ಟ್' ಅಧ್ಯಯನದಲ್ಲಿ 1,316 ಶಿಶುಗಳಿದ್ದವು. ರಕ್ತದಲ್ಲಿ ಆಮ್ಲಜನಕದ ಮಟ್ಟವನ್ನು ಶೇಕಡಾ 85-89ರಲ್ಲಿ ಇಟ್ಟವರಲ್ಲಿ ಬದುಕುಳಿದವರ ಪೈಕಿ ತೀವ್ರ ಕಣ್ಣಿನ ಕಾಯಿಲೆ ಶೇಕಡಾ 8.6, 91-95ರಲ್ಲಿ ಇಟ್ಟವರಲ್ಲಿ ಶೇಕಡಾ 17.9. ಆದರೆ ಸಾವು ಮೊದಲ ಗುಂಪಿನಲ್ಲಿ ಶೇಕಡಾ 19.9, ಎರಡನೆಯದರಲ್ಲಿ 16.2. ಹೆತ್ತವರಿಗೆ ಈ ಅಪಾಯವನ್ನು ಸರಿಯಾಗಿ ತಿಳಿಸಿ ಒಪ್ಪಿಗೆ ಪಡೆಯಲಾಗಿತ್ತೇ ಎಂಬ ವಿಷಯದಲ್ಲಿ 2013ರಲ್ಲಿ ಅಲ್ಲಿ ದೊಡ್ಡ ವಿವಾದವೇ ಎದ್ದಿತು. ಪರೀಕ್ಷೆ ಮಾಡದಿರುವುದು ತಪ್ಪು. ತಿಳಿಸದೆ ಮಾಡುವುದೂ ತಪ್ಪು. ಈ ಎರಡರ ನಡುವಿನ ದಾರಿ ಕಿರಿದು.

ನಮ್ಮ ನಾಡಿಗೂ ಇದು ದೂರದ ಮಾತಲ್ಲ. ನವಜಾತ ಶಿಶು ಘಟಕಗಳು ಜಿಲ್ಲಾ ಕೇಂದ್ರಗಳಿಗೂ ಬಂದಂತೆ, ಹಿಂದೆ ಉಳಿಯದಿದ್ದ ಎಳೆಯ ಜೀವಗಳು ಈಗ ಉಳಿಯುತ್ತಿವೆ. ಜೊತೆಗೆ ಈ ಕಾಯಿಲೆಯೂ ಬಂದಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ 1,500 ಗ್ರಾಂಗಿಂತ ಹೆಚ್ಚು ತೂಕವಿಲ್ಲದ ಶಿಶುಗಳ ಕಣ್ಣು ಪರೀಕ್ಷಿಸಿದರೆ ಸಾಕೆನ್ನುತ್ತಾರೆ. ಭಾರತದಲ್ಲಿ ಅದಕ್ಕಿಂತ ದಪ್ಪಗಿರುವ ಮಕ್ಕಳಿಗೂ ಇದು ತಗಲುವುದರಿಂದ ಇಲ್ಲಿನ ಮಿತಿ 2,000 ಗ್ರಾಂ. ಅಲ್ಲಿನ ಸಂಶೋಧನೆಯನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸಲಾಗದು ಎಂಬುದಕ್ಕೆ ಇದೇ ನಿದರ್ಶನ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ, ತರಬೇತಿ ಪಡೆದ ತಂತ್ರಜ್ಞರು ಊರೂರಿನ ಶಿಶು ಘಟಕಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ; ದೂರದಲ್ಲಿರುವ ತಜ್ಞರು ಅದನ್ನು ನೋಡಿ ಸಲಹೆ ನೀಡುತ್ತಾರೆ. ವೈದ್ಯರೇ ನೇರವಾಗಿ ನೋಡಬೇಕೆಂಬ ಹಳೆಯ ಪದ್ಧತಿಗೆ ಇದೊಂದು ಸವಾಲು.

ಚಿಕಿತ್ಸೆಯ ಬಗೆಗೂ ಚರ್ಚೆ ಮುಗಿದಿಲ್ಲ. ಲೇಸರ್ ಒಳ್ಳೆಯದೇ, ಕಣ್ಣಿನೊಳಗೆ ಕೊಡುವ ಚುಚ್ಚುಮದ್ದೇ? ಚುಚ್ಚುಮದ್ದು ಬೇಗ ಮುಗಿಯುತ್ತದೆ. ಆದರೆ ಔಷಧಿಯ ಅಂಶ ರಕ್ತಕ್ಕೂ ಸೇರುವುದರಿಂದ, ಬೆಳೆಯುತ್ತಿರುವ ಇತರ ಅಂಗಗಳಿಗೆ ತೊಂದರೆಯಾದೀತೇ ಎಂಬ ಆತಂಕವಿದೆ. ಈ ವಾದವನ್ನು ಕಂಡು ಹೆದರಬೇಕಿಲ್ಲ. 1940ರ ದಶಕದಲ್ಲಿ ವಾದ ಮಾಡುವವರು ಸಾಕಷ್ಟು ಇರಲಿಲ್ಲವೆಂಬುದೇ ದುರಂತ.

ಒಂದು ವಿಷಯದಲ್ಲಿ ಮಾತ್ರ ವಾದವಿಲ್ಲ. ದಿನ ತುಂಬದ ಅಥವಾ ತೂಕ ಕಡಿಮೆಯ ಮಗುವಿನ ಕಣ್ಣನ್ನು ಹುಟ್ಟಿದ 30 ದಿನಗಳೊಳಗೆ ತಜ್ಞರು ಪರೀಕ್ಷಿಸಲೇಬೇಕು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ತಡವಾದರೆ ಕಳೆದ ದೃಷ್ಟಿ ಮರಳುವುದಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥ ಮಗು ಹುಟ್ಟಿದರೆ, ಆಸ್ಪತ್ರೆಯಿಂದ ಮನೆಗೆ ಕರೆತರುವ ಮುನ್ನ ವೈದ್ಯರನ್ನು ತಪ್ಪದೆ ಕೇಳಿ: ಮಗುವಿನ ಕಣ್ಣಿನ ಪರೀಕ್ಷೆ ಆಯಿತೇ?