ಒಂದು ಲೆಕ್ಕ, ಎರಡು ಗಣಕಯಂತ್ರ

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟವೆಂದೊಡನೆ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯ ನಿಮ್ಮಲ್ಲಿ ಕೆಲವರಿಗೆ ನೆನಪಾದೀತು. ನಾನು ಹೇಳಹೊರಟಿರುವುದು ಆ ಊರಿನ ನಮ್ಮ ಮನೆಯ ಕಬ್ಬಿನ ಲೆಕ್ಕದ ವಿಷಯ.

ಅಣ್ಣನವರ ಗಣಕಯಂತ್ರ ಪಡಸಾಲೆಯಲ್ಲಿದೆ, ನನ್ನದು ಒಳಕೋಣೆಯಲ್ಲಿ. ಲೆಕ್ಕದ ಫೋಲ್ಡರು ಅವರದರಲ್ಲಿದ್ದು, ಮನೆಯ ವೈ-ಫೈ ಮೂಲಕ ನಾನೂ ಅದನ್ನು ತೆರೆಯುತ್ತೇನೆ. ಕಡತವೇನೂ ನನ್ನ ಬಳಿಗೆ ಬಂದು ನೆಲಸುವುದಿಲ್ಲ. ಅಣ್ಣನವರು ತಮ್ಮ ಯಂತ್ರವನ್ನು ಆರಿಸಿದರೆ ನನಗೆ ಲೆಕ್ಕವೂ ಇಲ್ಲ.

ಮೊದಲ ತೊಡಕು ವಿಳಾಸದ್ದು. ಹಂಚಿಕೊಂಡ ಫೋಲ್ಡರಿಗೆ ವಿಂಡೋಸ್‌ನಲ್ಲಿ ‘ಝಡ್’ ಎಂಬಂತೆ ಒಂದು ಡ್ರೈವ್ ಅಕ್ಷರ ಕೊಡಬಹುದು. ಆದರೆ ಆ ಅಕ್ಷರ ನೀವು ಲಾಗಿನ್ ಆದ ಹೆಸರಿಗಷ್ಟೇ ಸಲ್ಲುವ ಅಡ್ಡಹೆಸರು. ಫೋಲ್ಡರುಗಳ ಕಿಟಕಿಯಲ್ಲಿ ಕಣ್ಣಿಗೆ ಕಾಣುವ ‘ಝಡ್’, ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಸಿದ ತಂತ್ರಾಂಶಕ್ಕೆ ಎಷ್ಟೋ ಸಲ ಕಾಣುವುದೇ ಇಲ್ಲ! ಆದ್ದರಿಂದ ಪೂರ್ತಿ ವಿಳಾಸವೇ ವಾಸಿ: ಎರಡು ಹಿಮ್ಮುಖ ಓರೆಗೆರೆ, ಯಂತ್ರದ ಹೆಸರು, ಮತ್ತೊಂದು ಓರೆಗೆರೆ, ಫೋಲ್ಡರಿನ ಹೆಸರು.

ಬಾಗಿಲುಗಳೂ ಎರಡುಂಟು. ಹಂಚಿಕೆಯ ಅನುಮತಿ ಬೀದಿಬಾಗಿಲು, ಫೋಲ್ಡರಿನ ಅನುಮತಿ ಕೋಣೆಯ ಬಾಗಿಲು. ಒಂದು ‘ಬರೆಯಬಹುದು’ ಎಂದರೂ ಇನ್ನೊಂದು ‘ಓದಲು ಮಾತ್ರ’ ಎಂದರೆ, ಓದುವುದಷ್ಟೇ ದಕ್ಕುತ್ತದೆ. ಗುಪ್ತಪದವಿಲ್ಲದೆ ಎಲ್ಲರಿಗೂ ತೆರೆದಿಡುವ ಉದಾರತೆ ಬೇಡ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಂಗೆಡಿಸಿದ ವಾನಾಕ್ರೈ ಪೀಡೆ ಹರಡಿದ್ದು, ಎಸ್‌ಎಂಬಿ ಎಂಬ ಇದೇ ಹಂಚಿಕೆ ಪದ್ಧತಿಯ ಮೊದಲ ಆವೃತ್ತಿಯ ಲೋಪದಿಂದ. ತಿದ್ದುಪಡಿ ಮಾರ್ಚ್ ತಿಂಗಳಲ್ಲೇ ಹೊರಬಂದಿತ್ತು; ಹಾಕಿಕೊಳ್ಳದವರು ಕೆಟ್ಟರು.

ನಾವು ಕೆಟ್ಟದ್ದು ಮಾತ್ರ ನಮ್ಮ ಆತುರದಿಂದ. ಕಬ್ಬಿನ ಕಟಾವಿನ ಒಂದು ರಾತ್ರಿ ಅಣ್ಣನವರು ಕಡತವನ್ನು ತೆರೆದಿಟ್ಟೇ ಊಟಕ್ಕೆ ಎದ್ದಿದ್ದರು. ಒಳಕೋಣೆಯಲ್ಲಿ ನಾನು ಅದನ್ನು ತೆರೆಯಹೋದೆ. ‘ಬೇರೊಬ್ಬರು ಬಳಸುತ್ತಿದ್ದಾರೆ; ಓದಲು ಮಾತ್ರ ತೆರೆಯಲೇ, ಪ್ರತಿಯನ್ನು ತೆರೆಯಲೇ?’ ಎಂದು ತಂತ್ರಾಂಶ ವಿನಯದಿಂದಲೇ ಕೇಳಿತು. ‘ಪ್ರತಿ’ ಎಂದು ಒತ್ತಿದೆ. ಅಂದು ಸಾಗಿದ 11 ಗಾಡಿಗಳ ತೂಕವನ್ನು ಅದರಲ್ಲಿ ಬರೆದು, ಬೇರೆ ಹೆಸರಿನಲ್ಲಿ ಉಳಿಸಿ ಮಲಗಿದೆ. ಬಟವಾಡೆಯ ದಿನ ಅಣ್ಣನವರ ಲೆಕ್ಕದಲ್ಲಿ ಆ 11 ಗಾಡಿಗಳೇ ಇಲ್ಲ. ಕಡಿದವರಿಗೆ ಕೂಲಿ ಟನ್ನಿನ ಮೇಲೆ. ಜಗಲಿಯ ಮೇಲೆ ಕುಳಿತ ಆಳುಗಳು, ‘ನಾವು ಕಡಿದದ್ದು ಇಷ್ಟೇನಾ ಸ್ವಾಮಿ?’ ಎಂದಾಗ ಅಣ್ಣನವರ ಮುಖ ಕಪ್ಪಿಟ್ಟಿತು. ಹುಡುಕಿ ತೆಗೆದು ಕೂಲಿ ಎಣಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಈಗ ಅಣ್ಣನವರು ಕಡತ ಮುಚ್ಚಿಯೇ ಏಳುತ್ತಾರೆ. ನನ್ನ ತಂತ್ರಾಂಶ ಆ ಪ್ರಶ್ನೆ ಕೇಳಿತೆಂದರೆ ನಾನು ಏನನ್ನೂ ಒತ್ತುವುದಿಲ್ಲ. ಎದ್ದು ಪಡಸಾಲೆಗೆ ಹೋಗುತ್ತೇನೆ. ಹತ್ತು ಹೆಜ್ಜೆ, ಅಷ್ಟೆ.