ಗ್ಯಾಂಗ್ ಎಂಬ ನಡಿಗೆ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಬೆಳಗಾವಿ, ಬಾಗಲಕೋಟೆ ಕಡೆಯ ಪತ್ರಿಕೆಗಳ ಒಂದೇ ಪುಟದಲ್ಲಿ ಗ್ಯಾಂಗ್ ಎಂಬ ಪದ ಎರಡು ಸಲ ಕಣ್ಣಿಗೆ ಬೀಳುವುದುಂಟು. ಒಂದು ಸುದ್ದಿಯಲ್ಲಿ ಸರಗಳ್ಳರ ಗ್ಯಾಂಗ್ ಸಿಕ್ಕಿಬಿದ್ದಿರುತ್ತದೆ. ಅದರ ಪಕ್ಕದಲ್ಲೇ, ಕಟಾವು ಗ್ಯಾಂಗ್ ಬಾರದೆ ಬೆಳೆ ಒಣಗುತ್ತಿದೆ ಎಂಬ ರೈತರ ಅಳಲು. ಒಂದು ಗ್ಯಾಂಗ್ ಬಂದರೆ ಊರಿಗೆ ಭಯ, ಇನ್ನೊಂದು ಬಾರದಿದ್ದರೆ ಭಯ.

ಹಳೆಯ ಇಂಗ್ಲಿಷಿನಲ್ಲಿ ಗ್ಯಾಂಗ್ ಎಂದರೆ ನಡಿಗೆ, ಹೋಗುವಿಕೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಅದಕ್ಕೆ ‘ಹೋಗು’ ಎಂಬ ಅರ್ಥ ಉಳಿದುಬಂದಿದೆ. ಹಡಗು ಹತ್ತುವ ಹಲಗೆಗೆ ಗ್ಯಾಂಗ್‌ವೇ ಎನ್ನುವುದೂ ಅದರಿಂದಲೇ. ಸಂಸ್ಕೃತದ ಜಂಘಾ ಇದರ ದೂರದ ನೆಂಟ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಕನ್ನಡಿಗರು ಜಂಘಾಬಲ ಉಡುಗಿತು ಎನ್ನುವಾಗ ಬರುವುದು ಅದೇ ಕಾಲು. ಮುಂದೆ, ಜೊತೆಯಲ್ಲಿ ಒಯ್ಯುವ ಸಾಮಾನುಗಳ ಗುಂಪಿಗೆ ಗ್ಯಾಂಗ್ ಎಂಬ ಹೆಸರು ಬಂತು. 17ನೇ ಶತಮಾನದ ಹೊತ್ತಿಗೆ ಜೊತೆಯಲ್ಲಿ ಹೋಗಿ ದುಡಿಯುವ ಆಳುಗಳಿಗೂ ಬಂತು. ಕಳ್ಳರ ಗುಂಪಿಗೆ ಅಂಟಿದ್ದೂ ಆ ಶತಮಾನದಲ್ಲೇ. ಗ್ಯಾಂಗ್‌ಸ್ಟರ್ ಮಾತ್ರ ತೀರ ಈಚಿನದು, 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು.

ಪದದ ಮೂಲ ಅರ್ಥ ಹಾಗೇ ಉಳಿದಿರುವುದು ರೈಲು ಹಳಿಯ ಮೇಲೆ. ಹಳಿ ನೋಡಿಕೊಳ್ಳುವ ಗ್ಯಾಂಗಿನ ಕೀಮನ್ ಸುತ್ತಿಗೆ, ಸ್ಪ್ಯಾನರ್, ಕೆಂಪು-ಹಸಿರು ಬಾವುಟ ಹೊತ್ತು ಹೊರಡುತ್ತಾನೆ. ಸಡಿಲವಾದ ಕ್ಲಿಪ್ಪಿಗೆ ಒಂದು ಏಟು, ಫಿಶ್‌ಪ್ಲೇಟಿನ ಬೋಲ್ಟಿಗೆ ಒಂದು ತಿರುವು. ಹೋಗುವಾಗ ಒಂದು ಹಳಿಯ ಬದಿ, ಬರುವಾಗ ಇನ್ನೊಂದರ ಬದಿ. ಎರಡೂ ಹಳಿ ನೋಡಿದಂತಾಗಬೇಕಲ್ಲ! ಬೋಗಿಯಲ್ಲಿ ನಿದ್ದೆಹೋದವರ ನೆಮ್ಮದಿಗೆ ಈ ನಡಿಗೆಯೇ ಆಧಾರ. ರೈಲ್ವೆ ಇಲಾಖೆಯ ಕಾಗದದಲ್ಲಿ ಈ ಗ್ಯಾಂಗಿನವರು ಈಗ ಟ್ರ್ಯಾಕ್ ಮೇಂಟೇನರ್. ಜನರ ಬಾಯಲ್ಲಿ ಇಂದಿಗೂ ಗ್ಯಾಂಗ್‌ಮನ್.

ಕಬ್ಬಿನ ಗ್ಯಾಂಗೂ ಜೊತೆಯಾಗಿ ಹೊರಟುಬರುವ ಗುಂಪೇ. ಆಳುಗಳನ್ನು ಕರೆತರುವ ಮುಕಾದಮನಿಂದ ಮುಂಗಡ ಪಡೆದು, ಮಕ್ಕಳು-ಮರಿ, ಪಾತ್ರೆ-ಪಡಗ ಸಮೇತ ದೂರದೂರಿನಿಂದ ಬಂದು ಹೊಲದಂಚಿನಲ್ಲಿ ಜೋಪಡಿ ಹಾಕುತ್ತದೆ. ಗಂಡ ಕಡಿದು ಹಾಕಿದ್ದನ್ನು ಹೆಂಡತಿ ಸಿವುಡು ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾಳೆ. ರವದಿಯ, ಅಂದರೆ ಕಬ್ಬಿನ ಗರಿಯ, ಅಂಚು ತಗುಲಿ ಮುಂಗೈಯೆಲ್ಲ ಗೀರು. ಅತ್ತ ಗಿರಣಿ ನಿಲ್ಲದಂತೆ ಇತ್ತ ಕೈ ನಿಲ್ಲುವಂತಿಲ್ಲ.

ಪದಕ್ಕೆ ಕಾವಲುಗಾರರಿಲ್ಲ, ಆಡುವವರ ಬಾಯೇ ಕಾವಲು. ಕಳ್ಳರಿಗೆ ಗುಂಪು ಎಂದರೂ ಸುದ್ದಿ ತಿಳಿಯುತ್ತದೆ. ಗ್ಯಾಂಗ್ ಎಂಬುದನ್ನು ಹಳಿಯ ಮೇಲೆ, ಕಬ್ಬಿನ ಹೊಲದಲ್ಲಿ ದುಡಿಯುವವರಿಗೇ ಬಿಟ್ಟುಕೊಡುವುದು ಒಳ್ಳೆಯದು.